ಕಾದವರ ಚಿತ್ರ: ‘ಲೂಸಿಯಾ’ವನ್ನು ಮತ್ತೆ ನೋಡಿದಾಗ

ಸಂಘದ ಕಾರ್ಯಕ್ರಮವೊಂದು ಮುಗಿದ ಸಂಜೆ, ಕಾಫಿಯ ಲೋಟ ಹಿಡಿದು ಹೊರಗೆ ನಿಂತಿದ್ದಾಗ ನಮ್ಮ ಎಳೆಯರ ಗುಂಪಿನ ಮಾತು ಕಿವಿಗೆ ಬಿತ್ತು. ಜಪಾನಿನ ಯಾವುದೋ ಆನಿಮೆ ಚಿತ್ರ ಬರಲಿದೆಯಂತೆ. ಅದರ ನಿರ್ದೇಶಕರು ದೊಡ್ಡ ಹೆಸರಿನವರಂತೆ. ಒಂದೂವರೆ ನಿಮಿಷದ ತುಣುಕನ್ನು ನೋಡಿಯೇ ಕಥೆ ಏನಿರಬಹುದು, ತಪ್ಪಿತಸ್ಥ ಯಾರಿರಬಹುದು ಎಂದು ವಾದ ನಡೆದಿತ್ತು. ವಾದದ ಭಾಷೆ ಕಾಲುಭಾಗ ಕನ್ನಡ, ಕಾಲುಭಾಗ ತಮಿಳು, ಉಳಿದದ್ದು ಇಂಗ್ಲಿಷು. ನಾವು ಹಿರಿತನದ ಸಲಿಗೆಯಿಂದ, “ಬೊಂಬೆ ಚಿತ್ರಕ್ಕೆ ಇಷ್ಟೊಂದು ಗಲಾಟೆಯೇ?” ಎಂದು ನಡುವೆ ಬಾಯಿ ಹಾಕಿದೆವು. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ತಿರುಗಿ, “ಮಾಮ, ಅದು ಮಕ್ಕಳ ಬೊಂಬೆ ಚಿತ್ರ ಅಲ್ಲ. ಕನ್ನಡದಲ್ಲಿ ಒಂದು ಸೀರಿಯಸ್ ಥ್ರಿಲ್ಲರ್‌ಗೆ ಯಾರಾದರೂ ಹೀಗೆ ಕಾದದ್ದು ಇದೆಯಾ?” ಎಂದಳು.

ಕೂಡಲೇ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ. ಮನೆಗೆ ಹಿಂದಿರುಗುವ ದಾರಿಯಲ್ಲಿ ಹೊಳೆಯಿತು. ಇದೆ, ಅದೂ ಎಂಥ ಕಾಯುವಿಕೆ! ಕಾದವರೇ ಹಣ ಹಾಕಿ ಮಾಡಿಸಿದ ಚಿತ್ರ ಅದು. ೨೦೧೩ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ ‘ಲೂಸಿಯಾ’. ಆ ಹುಡುಗಿಗೆ ಅಂದು ಕೊಡಲಾಗದ ಉತ್ತರವನ್ನು ಈ ಪುಟಗಳಲ್ಲಿ ಕೊಡುವ ಪ್ರಯತ್ನ ಇದು.

ಮೊದಲು ಎಳೆಯರ ಪಕ್ಷವನ್ನೇ ನ್ಯಾಯವಾಗಿ ಕೇಳೋಣ. ಗೆರೆ ಎಳೆದು ಬಣ್ಣ ತುಂಬಿದ ಚಿತ್ರವೆಂದರೆ ಮಕ್ಕಳ ಆಟವೆಂಬ ಎಣಿಕೆ ನಮ್ಮ ಪೀಳಿಗೆಯದು. ಜಪಾನಿನಲ್ಲಿ ಆ ಎಣಿಕೆ ಸುಳ್ಳಾಗಿ ಬಹಳ ಕಾಲವಾಯಿತು. ಅದನ್ನು ಸುಳ್ಳು ಮಾಡಿದವರಲ್ಲಿ ಸತೋಶಿ ಕೋನ್ ಪ್ರಮುಖರು. ಅವರ ‘ಪರ್ಫೆಕ್ಟ್ ಬ್ಲೂ’ (೧೯೯೭) ಎಂಬ ಚಿತ್ರದಲ್ಲಿ ಹಾಡುಗಾರ್ತಿಯ ವೃತ್ತಿ ಬಿಟ್ಟು ನಟಿಯಾಗಹೊರಟ ಹುಡುಗಿಯೊಬ್ಬಳಿದ್ದಾಳೆ. ಅವಳ ಹೆಸರಿನಲ್ಲಿ ಬೇರೆ ಯಾರೋ ದಿನಚರಿ ಬರೆದು ಪ್ರಕಟಿಸುತ್ತಿದ್ದಾರೆ; ಸುತ್ತ ಕೊಲೆಗಳು ನಡೆಯುತ್ತಿವೆ; ಕೊನೆಗೆ ತಾನು ಯಾರು, ಆ ದಿನಚರಿಯೊಳಗಿನವಳು ಯಾರು ಎಂಬುದೇ ಅವಳಿಗೆ ತಿಳಿಯದಂತಾಗುತ್ತದೆ. ‘ಪಾಪ್ರಿಕಾ’ (೨೦೦೬) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರೋಗಿಯ ಕನಸಿನೊಳಕ್ಕೆ ವೈದ್ಯರು ಪ್ರವೇಶಿಸಲು ನೆರವಾಗುವ ಯಂತ್ರವೊಂದು ಕಳುವಾಗುತ್ತದೆ. ಕದ್ದವರ ಕೈಯಲ್ಲಿ ಅದು ಎಚ್ಚರವಾಗಿರುವವರ ಬದುಕಿಗೂ ಕನಸನ್ನು ನುಗ್ಗಿಸತೊಡಗುತ್ತದೆ. ಕೋನ್ ೨೦೧೦ರ ಆಗಸ್ಟ್ ೨೪ರಂದು, ತಮ್ಮ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಅವರ ಕೈಯಲ್ಲಿದ್ದ ‘ಡ್ರೀಮಿಂಗ್ ಮಷೀನ್’ ಎಂಬ ಚಿತ್ರ ಅರ್ಧಕ್ಕೇ ನಿಂತಿತು. ನಿರ್ದೇಶಕನ ಹೆಸರನ್ನು ನಂಬಿ ಕಾಯುವವರ ಬಗೆಗೆ ನಗುವ ಮುನ್ನ, ಮುಗಿಯದ ಆ ಚಿತ್ರವನ್ನು ಇಂದಿಗೂ ನೆನೆಯುವವರು ಲೋಕದಲ್ಲಿ ಇದ್ದಾರೆಂಬುದನ್ನು ನಾವು ಗಮನಿಸಬೇಕು.

ಈ ಬಗೆಯ ನಿರೀಕ್ಷೆ ನಮಗೆ ಹೊಸದೇನೂ ಅಲ್ಲ, ಮರೆತಿದ್ದೇವೆ, ಅಷ್ಟೆ. ಕನ್ನಡ ಚಿತ್ರಗಳು ಇದೇ ಊರಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲವನ್ನು ನಮ್ಮ ಹಿರಿಯ ಸದಸ್ಯರು ಕಂಡಿದ್ದಾರೆ. ೧೯೫೪ರ ‘ಬೇಡರ ಕಣ್ಣಪ್ಪ’ ರೂಪುಗೊಂಡದ್ದು ಮದರಾಸಿನಲ್ಲೇ. ಮುಂದೆ ಪುಟ್ಟಣ್ಣ ಕಣಗಾಲರ ದಿನಗಳಲ್ಲಿ ನಾಯಕ ಯಾರೆಂದು ಕೇಳುವ ಮೊದಲು ನಿರ್ದೇಶಕ ಯಾರೆಂದು ಕೇಳುವ ಪ್ರೇಕ್ಷಕವರ್ಗವೇ ಹುಟ್ಟಿಕೊಂಡಿತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಶರಪಂಜರ’ ಬಂದಾಗ, ಒಬ್ಬ ಗೃಹಿಣಿಯ ಮನಸ್ಸು ಮುರಿಯುವ ಕಥೆಯನ್ನು ನೋಡಲು ಮನೆಮನೆಯವರು ಚಿತ್ರಮಂದಿರಕ್ಕೆ ಹೋದರು. ‘ಸಂಸ್ಕಾರ’ದ ಕಥೆಯಂತೂ ನಮ್ಮ ಊರಿಗೇ ಅಂಟಿಕೊಂಡದ್ದು. ಅನಂತಮೂರ್ತಿಯವರ ೧೯೬೫ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿಸಿದರು. ಆಗ ಮದರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅದಕ್ಕೆ ಅನುಮತಿ ನಿರಾಕರಿಸಿತು. ಕಾದಂಬರಿ ಓದಿದ್ದವರು, ಓದದೆ ಕೇಳಿದ್ದವರು, ಬೈಯಲೆಂದೇ ಸಿದ್ಧರಾಗಿದ್ದವರು, ಎಲ್ಲರೂ ಕಾಯಬೇಕಾಯಿತು. ಕೊನೆಗೆ ಚಿತ್ರ ಬಿಡುಗಡೆಯಾಗಿ ೧೯೭೦ರ ರಾಷ್ಟ್ರಪ್ರಶಸ್ತಿಗಳಲ್ಲಿ ಸ್ವರ್ಣಕಮಲವನ್ನು ಪಡೆಯಿತು.

ಆದರೆ ಈ ಎಲ್ಲ ಸಂದರ್ಭಗಳಲ್ಲೂ ಪ್ರೇಕ್ಷಕರ ಕೆಲಸ ಕಾಯುವುದಷ್ಟೇ ಆಗಿತ್ತು. ಹಣ ಹೂಡುವವರು ಬೇರೆ ಇದ್ದರು. ಚಿತ್ರ ಆಗುವುದೋ ಬಿಡುವುದೋ ಅವರ ಕೈಯಲ್ಲಿತ್ತು. ‘ಲೂಸಿಯಾ’ ಬೇರೆಯಾಗುವುದು ಇಲ್ಲಿ.

ಪವನ್ ಕುಮಾರ್ ಅವರು ಯೋಗರಾಜ ಭಟ್ಟರ ಜೊತೆ ‘ಮನಸಾರೆ’ (೨೦೦೯) ಮತ್ತು ‘ಪಂಚರಂಗಿ’ (೨೦೧೦) ಚಿತ್ರಗಳ ಬರವಣಿಗೆಯಲ್ಲಿ ದುಡಿದವರು. ೨೦೧೧ರಲ್ಲಿ ‘ಲೈಫು ಇಷ್ಟೇನೆ’ಯನ್ನು ನಿರ್ದೇಶಿಸಿ ಹೆಸರು ಮಾಡಿದ್ದರು. ಎರಡನೆಯ ಚಿತ್ರಕ್ಕೆ ಅವರು ಆರಿಸಿಕೊಂಡದ್ದು ನಿದ್ರೆ ಬಾರದ ಒಬ್ಬನ ಕಥೆ. ಹೆಸರಾಂತ ನಾಯಕನಿಲ್ಲ, ಹೊಡೆದಾಟದ ಭರವಸೆಯಿಲ್ಲ, ಕಥೆಯನ್ನು ಒಂದು ಸಾಲಿನಲ್ಲಿ ಹೇಳೋಣವೆಂದರೆ ಹೇಳಲು ಬಾರದು. ಇಂಥ ಕಥೆಗೆ ಬಂಡವಾಳ ಹುಟ್ಟದಿದ್ದುದು ಆಶ್ಚರ್ಯವಲ್ಲ. ಆಗ ಅವರು ತಮ್ಮ ಕಷ್ಟವನ್ನು ಇದ್ದದ್ದು ಇದ್ದಂತೆ ಅಂತರ್ಜಾಲದಲ್ಲಿ ಬರೆದರು. ಓದಿದವರು ಕನಿಕರ ತೋರಿಸಿ ಸುಮ್ಮನಾಗಲಿಲ್ಲ. ನಾವೇ ಹಣ ಹಾಕುತ್ತೇವೆ, ಚಿತ್ರ ಮಾಡಿ ಎಂದರು. ೨೭ ದಿನಗಳಲ್ಲಿ ೧೧೦ ಮಂದಿಯಿಂದ ಸುಮಾರು ೫೧ ಲಕ್ಷ ರೂಪಾಯಿ ಕೂಡಿತು. ಚಿತ್ರದ ನಿರ್ಮಾಣಸಂಸ್ಥೆಗೆ ‘ಆಡಿಯನ್ಸ್ ಫಿಲ್ಮ್ಸ್’ ಎಂದೇ ಹೆಸರಾಯಿತು. ಪ್ರೇಕ್ಷಕನೇ ದೇವರು ಎಂದು ವೇದಿಕೆಯ ಮೇಲೆ ಹೇಳುವುದನ್ನು ನಾವು ಬಹಳ ಸಲ ಕೇಳಿದ್ದೇವೆ. ಆ ದೇವರ ಬಳಿ ಲೆಕ್ಕದ ಪುಸ್ತಕ ಹಿಡಿದು ಹೋಗಿ ನಿಂತ ಉದಾಹರಣೆ ಕನ್ನಡದಲ್ಲಿ ಅಪರೂಪ.

ಹಾಕಿದ ಹಣ ಮರಳಿ ಬರುವ ಖಾತ್ರಿ ಅವರಿಗೆ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಚೀಟಿ ಹಾಕುವಾಗಲೂ ನಡೆಸುವವರ ಮನೆತನ ವಿಚಾರಿಸುತ್ತೇವೆ. ಇಲ್ಲಿ ಕಾಣದ ಒಬ್ಬ ನಿರ್ದೇಶಕನಿಗೆ, ಇನ್ನೂ ಚಿತ್ರೀಕರಣವಾಗದ ಕಥೆಗೆ, ನೂರಕ್ಕೂ ಹೆಚ್ಚು ಮಂದಿ ಹಣ ಕಳಿಸಿದರು. ಕನ್ನಡದಲ್ಲಿ ಇಂಥದೊಂದು ಚಿತ್ರ ನೋಡಬೇಕೆಂಬ ಆಸೆ ಅವರಿಗೆ ಅಷ್ಟು ಬಲವಾಗಿತ್ತೆಂದೇ ಇದರ ಅರ್ಥ. ೨೦೧೩ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ‘ಲೂಸಿಯಾ’ ಅಲ್ಲಿ ಪ್ರೇಕ್ಷಕರು ಆರಿಸುವ ಪ್ರಶಸ್ತಿಯನ್ನು ಗಳಿಸಿತು. ಅದೇ ವರ್ಷ ಸೆಪ್ಟೆಂಬರ್ ೬ರಂದು ಕರ್ನಾಟಕದಲ್ಲಿ ತೆರೆಕಂಡಿತು.

ಇಷ್ಟು ಕಾದು ನೋಡುವಂಥದ್ದು ಅದರಲ್ಲಿ ಏನಿದೆ? ಮೊನ್ನೆ ಮತ್ತೊಮ್ಮೆ ನೋಡಿದಾಗ ನಮಗೆ ಕಂಡದ್ದನ್ನು ಹೇಳುತ್ತೇವೆ.

ನಿಕ್ಕಿ ಎಂಬ ಹಳ್ಳಿಯ ಹುಡುಗ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ, ತಡವಾಗಿ ಬಂದವರಿಗೆ ಟಾರ್ಚ್ ಬಿಟ್ಟು ಕುರ್ಚಿ ತೋರಿಸುವ ಕೆಲಸದಲ್ಲಿದ್ದಾನೆ. ರಾತ್ರಿ ಅವನಿಗೆ ನಿದ್ರೆಯಿಲ್ಲ. ಯಾರೋ ‘ಲೂಸಿಯಾ’ ಎಂಬ ಗುಳಿಗೆ ಕೊಡುತ್ತಾರೆ. ಅದನ್ನು ನುಂಗಿದರೆ ನಿದ್ರೆಯೂ ಬರುತ್ತದೆ, ಬೇಕಾದ ಕನಸೂ ಬೀಳುತ್ತದೆ. ಕನಸಿನಲ್ಲಿ ಅವನು ಚಿತ್ರತಾರೆ. ಹಗಲು ಕತ್ತಲಲ್ಲಿ ನಿಂತು ಪರದೆಯತ್ತ ನೋಡುವವನು ರಾತ್ರಿ ಅದೇ ಪರದೆಯ ಮೇಲೆ ಇರುತ್ತಾನೆ. ಹಗಲಿನಲ್ಲಿ ಹೋಟೆಲೊಂದರಲ್ಲಿ ಕೆಲಸ ಮಾಡುವ ಶ್ವೇತಾ ಅವನ ಪ್ರೇಯಸಿ. ಕನಸಿನಲ್ಲೂ ಅವಳೇ ಬೇರೆ ವೇಷದಲ್ಲಿ ಬರುತ್ತಾಳೆ. ಈ ಎರಡರ ನಡುವೆ ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ನಿಕ್ಕಿ, ಆತನ ಸ್ಥಿತಿಗೆ ಕಾರಣ ಹುಡುಕುವ ಪೊಲೀಸ್ ತನಿಖೆ. ಗುಟ್ಟನ್ನು ಇಲ್ಲಿ ಬಿಚ್ಚುವುದಿಲ್ಲ. ನೋಡದವರ ಸುಖವನ್ನು ಕಸಿಯುವುದು ವಿಮರ್ಶೆಯ ಕೆಲಸವಲ್ಲ.

ಹೇಳಬೇಕಾದ ಮೊದಲ ಗುಣ ಬಣ್ಣದ್ದು. ನಮ್ಮ ಚಿತ್ರಗಳಲ್ಲಿ ಕನಸೆಂದರೆ ಹೂವಿನ ತೋಟ, ಹೊರದೇಶದ ಬೆಟ್ಟ, ಹತ್ತು ಬಣ್ಣದ ಸೀರೆ. ಪವನ್ ಕುಮಾರ್ ಅದನ್ನು ತಿರುವುಮುರುವು ಮಾಡಿದ್ದಾರೆ. ಟಾರ್ಚ್ ಹುಡುಗನ ಬಡತನಕ್ಕೆ ಬಣ್ಣಗಳಿವೆ; ತಾರೆಯ ವೈಭವ ಕಪ್ಪು-ಬಿಳುಪಿನಲ್ಲಿದೆ. ಮೊದಲ ಅರ್ಧ ಗಂಟೆ ಇದೊಂದು ಗುರುತಿನ ಚಿಹ್ನೆಯೆಂದು ತೋರುತ್ತದೆ. ಬರಬರುತ್ತಾ ಅದು ಪ್ರಶ್ನೆಯಾಗುತ್ತದೆ. ಯಾರ ಬದುಕಿನಲ್ಲಿ ಬಣ್ಣವಿದೆ, ಯಾರು ಯಾರ ಬದುಕಿಗೆ ಆಸೆಪಡುತ್ತಿದ್ದಾರೆ ಎಂದು ನಮ್ಮನ್ನೇ ಕೇಳುತ್ತದೆ.

ಎರಡನೆಯದು ಭಾಷೆ. ನೀನಾಸಂನಲ್ಲಿ ಕಲಿತ ಸತೀಶ್ ಅವರು ಎರಡು ಬದುಕಿಗೆ ಎರಡು ಕನ್ನಡ ಆಡುತ್ತಾರೆ. ಟಾರ್ಚ್ ಹುಡುಗನ ಮಾತಿಗೆ ಹಳ್ಳಿಯ ಸೊಗಡಿದೆ, ಸಂಕೋಚವಿದೆ. ತಾರೆಯ ಮಾತು ನಯವಾಗಿದೆ, ದಣಿದಿದೆ. ವೇಷ ಬದಲಿಸದೆಯೂ ದನಿಯಿಂದಲೇ ಆಳು ಬೇರೆಯೆಂದು ತಿಳಿಯುತ್ತದೆ. ಅಚ್ಯುತ್ ಕುಮಾರ್ ಅವರ ಶಂಕರಣ್ಣ, ಸಾಲದವರ ಕಾಟದ ನಡುವೆ ತನ್ನ ಚಿತ್ರಮಂದಿರವನ್ನು ಉಳಿಸಿಕೊಳ್ಳಲು ಹೆಣಗುವ ಒಡೆಯ. ಮೌಂಟ್ ರಸ್ತೆಯ ಸಫೈರ್, ಆನಂದ್‌ಗಳನ್ನು ಕಳೆದುಕೊಂಡು, ೨೦೧೬ರಲ್ಲಿ ಶಾಂತಿ ಚಿತ್ರಮಂದಿರವೂ ಬಾಗಿಲು ಹಾಕಿದ್ದನ್ನು ಕಂಡ ಚೆನ್ನೈಯ ನಮಗೆ ಈ ಶಂಕರಣ್ಣನ ಮುಖವನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಇಲ್ಲಿ ‘ಪಾಪ್ರಿಕಾ’ ನೆನಪಾಗುತ್ತದೆ. ಒಂದನ್ನು ನೋಡಿ ಇನ್ನೊಂದು ಮಾಡಿದ್ದಾರೆಂದು ನಾವು ಹೇಳುತ್ತಿಲ್ಲ. ಒಂದೇ ಚಿಂತೆ ಎರಡು ದೇಶಗಳಲ್ಲಿ ಎರಡು ರೂಪ ತಳೆದದ್ದು ಸ್ವಾರಸ್ಯವೆನ್ನುತ್ತಿದ್ದೇವೆ. ಎರಡರಲ್ಲೂ ಕನಸಿನ ದಾರಿ ಚಿತ್ರಮಂದಿರದ ಮೂಲಕ ಹಾದುಹೋಗುತ್ತದೆ. ‘ಪಾಪ್ರಿಕಾ’ದ ಪೊಲೀಸ್ ಅಧಿಕಾರಿ ಎಳೆತನದಲ್ಲಿ ಗೆಳೆಯನ ಜೊತೆ ಚಿತ್ರ ಮಾಡಹೊರಟು ಕೈಬಿಟ್ಟವನು. ಆ ತಪ್ಪಿನ ನೆನಪು ಅವನ ಕನಸನ್ನು ಬಿಡದೆ ಕಾಡುತ್ತದೆ. ಚಿತ್ರದ ಕೊನೆಯಲ್ಲಿ ಅವನು ಒಂದು ಟಿಕೇಟು ಕೊಂಡು ಚಿತ್ರಮಂದಿರದೊಳಕ್ಕೆ ಹೋಗುತ್ತಾನೆ. ಹೆಚ್ಚೇನೂ ನಡೆಯುವುದಿಲ್ಲ, ಆದರೂ ಆ ಮನುಷ್ಯನ ಗಾಯ ಮಾಯಿತೆಂದು ನಮಗೆ ಗೊತ್ತಾಗುತ್ತದೆ.

ಹೋಲಿಕೆ ಮಾಡಿದ ಮೇಲೆ ‘ಲೂಸಿಯಾ’ದ ಕೊರತೆಯನ್ನೂ ಹೇಳಲೇಬೇಕು. ಕೋನ್ ಅವರ ಚಿತ್ರದಲ್ಲಿ ಎರಡು ಬದುಕು ಇರುವುದು ಒಬ್ಬ ಹೆಂಗಸಿಗೆ. ಹಗಲಿನಲ್ಲಿ ಬಿಗಿಮೊಗದ ವೈದ್ಯೆ, ಕನಸಿನಲ್ಲಿ ಚಂಗನೆ ನೆಗೆಯುವ ಪಾಪ್ರಿಕಾ. ಅವಳ ಕನಸು ಅವಳದೇ. ‘ಲೂಸಿಯಾ’ದ ಶ್ವೇತಾಳಿಗೂ ಎರಡು ರೂಪಗಳಿವೆ; ಶ್ರುತಿ ಹರಿಹರನ್ ಎರಡನ್ನೂ ಚೆನ್ನಾಗಿ ನಿರ್ವಹಿಸಿದ್ದಾರೆ. ಆದರೆ ಎರಡೂ ನಾಯಕನ ಕಣ್ಣಿಗೆ ಕಂಡ ರೂಪಗಳೇ. ಆ ಹುಡುಗಿ ರಾತ್ರಿ ಕಣ್ಣು ಮುಚ್ಚಿದರೆ ಏನು ಕಾಣುತ್ತಾಳೆಂದು ಚಿತ್ರ ಒಮ್ಮೆಯೂ ಕೇಳುವುದಿಲ್ಲ. ಪೊಲೀಸ್ ತನಿಖೆಯ ಭಾಗವೂ ಉಳಿದ ಕಥೆಯಷ್ಟು ಬಿಗಿಯಾಗಿಲ್ಲ. ಪ್ರೇಕ್ಷಕ ದಾರಿ ತಪ್ಪಿಯಾನೆಂಬ ಭಯದಿಂದ ನೆಟ್ಟ ಕೈಮರದಂತೆ ಇದೆ. ಪೂರ್ಣಚಂದ್ರ ತೇಜಸ್ವಿಯವರ ಸಂಗೀತಕ್ಕೆ ಜೀವವಿದೆ, ಆದರೆ ದ್ವಿತೀಯಾರ್ಧದಲ್ಲಿ ಹಾಡೊಂದು ಕಡಿಮೆಯಿದ್ದರೂ ನಷ್ಟವಿರಲಿಲ್ಲ. ಹೀಗಿದ್ದರೂ, ಒಮ್ಮೆ ನೋಡಿ ಮುಗಿದ ಮೇಲೆ ಮೊದಲಿನಿಂದ ಮತ್ತೆ ನೋಡಬೇಕೆನಿಸುವ ಕನ್ನಡ ಚಿತ್ರಗಳು ಎಷ್ಟಿವೆ? ಎರಡನೆಯ ಸಲ ನೋಡಿದಾಗಲೇ ಇದರ ಕಟ್ಟಡ ಎಷ್ಟು ಗಟ್ಟಿಯೆಂದು ಗೊತ್ತಾಗುವುದು.

ಈಗ ನಮ್ಮ ಊರಿನ ಮಾತಿಗೆ ಬರೋಣ. ‘ಲೂಸಿಯಾ’ ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಎಂಬ ಹೆಸರಿನಲ್ಲಿ ೨೦೧೫ರ ಮಾರ್ಚಿಯಲ್ಲಿ ಬಂದಿತು. ಸಿ. ವಿ. ಕುಮಾರ್ ನಿರ್ಮಾಣ, ಪ್ರಸಾದ್ ರಾಮರ್ ನಿರ್ದೇಶನ, ಸಂತೋಷ್ ನಾರಾಯಣನ್ ಸಂಗೀತ. ನಾಯಕ ಸಿದ್ಧಾರ್ಥ್, ನಾಯಕಿ ಕನ್ನಡದವರಿಗೆ ಪರಿಚಿತರಾದ ದೀಪಾ ಸನ್ನಿಧಿ. ನಮ್ಮ ಮನೆಗಳ ಎಷ್ಟೋ ಮಕ್ಕಳು ಈ ಕಥೆಯನ್ನು ತಿಳಿದದ್ದು ಆ ಚಿತ್ರದಿಂದ. ಮೂಲ ಕನ್ನಡವೆಂದು ಹೇಳಿದರೆ ಹುಬ್ಬೇರಿಸುತ್ತಾರೆ. ತಮಿಳು ಚಿತ್ರವನ್ನು ಹೀಗಳೆಯಲು ನಮಗೆ ಮನಸ್ಸಿಲ್ಲ. ಅದು ಪ್ರಾಮಾಣಿಕವಾದ ಕೆಲಸ. ಸಿದ್ಧಾರ್ಥ್ ಅವರ ಅಭಿನಯ ಮೆಚ್ಚತಕ್ಕದ್ದು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಏನೋ ಒಂದು ಕಡಿಮೆಯಾದಂತೆ ತೋರಿತು. ಬಹಳ ಯೋಚಿಸಿದ ಮೇಲೆ ನಮಗೆ ಹೊಳೆದದ್ದು ಇದು. ಕನ್ನಡದ ಚಿತ್ರದಲ್ಲಿ ಕತ್ತಲಲ್ಲಿ ನಿಂತ ಆ ಟಾರ್ಚ್ ಹುಡುಗ, ಹಣ ಕಳಿಸಿ ಕಾದ ಆ ನೂರಹತ್ತು ಮಂದಿಯ ಪ್ರತಿನಿಧಿ. ತೆರೆಯ ಈಚೆ ನಿಂತವನು ತೆರೆಯ ಆಚೆಗಿನದನ್ನು ತನ್ನದಾಗಿಸಿಕೊಳ್ಳಲು ಹೊರಟ ಕಥೆ, ತೆರೆಯ ಈಚೆಯವರ ದುಡ್ಡಿನಿಂದಲೇ ಚಿತ್ರವಾಯಿತು. ತಮಿಳಿನಲ್ಲಿ ಅದು ಒಳ್ಳೆಯ ಕಥೆಯಾಗಿ ಉಳಿಯಿತು. ಕಥೆಯ ಹಕ್ಕನ್ನು ಕೊಳ್ಳಬಹುದು; ಅದಕ್ಕಾಗಿ ಕಾದವರ ಕಾತರವನ್ನು ಕೊಳ್ಳಲಾಗುವುದಿಲ್ಲ.

ಪವನ್ ಕುಮಾರ್ ಅವರ ಮುಂದಿನ ಚಿತ್ರ ‘ಯೂ ಟರ್ನ್’ (೨೦೧೬) ಕೂಡ ೨೦೧೮ರಲ್ಲಿ ತಮಿಳು ಮತ್ತು ತೆಲುಗಿನಲ್ಲಿ, ಸಮಂತಾ ಅವರ ಮುಖ್ಯ ಪಾತ್ರದಲ್ಲಿ, ಸ್ವತಃ ಅವರ ನಿರ್ದೇಶನದಲ್ಲೇ ಬಂದಿತು. ಅಂದರೆ ನಮ್ಮ ಸುತ್ತಲಿನವರು ನೋಡಿ ಮೆಚ್ಚುವ ಥ್ರಿಲ್ಲರ್‌ಗಳಲ್ಲಿ ಕನ್ನಡದಲ್ಲಿ ಹುಟ್ಟಿದವೂ ಇವೆ. ಅವು ನಮ್ಮ ಮನೆಯ ಹಿತ್ತಿಲ ಬಾಗಿಲಿನಿಂದ ಹೊರಟು, ಬೇರೆ ಉಡುಪು ತೊಟ್ಟು ಮುಂಬಾಗಿಲಿಗೆ ಬಂದಾಗ ನಾವೇ ಗುರುತಿಸದೆ “ಯಾರು ಬೇಕಿತ್ತು?” ಎಂದು ಕೇಳುತ್ತಿದ್ದೇವೆ.

ತಪ್ಪು ಮಕ್ಕಳದೇ? ಹಾಗೆಂದು ಹೇಳುವ ಧೈರ್ಯ ನಮಗಿಲ್ಲ. ೨೦೧೩ರಲ್ಲಿ ‘ಲೂಸಿಯಾ’ ಬಂದ ಸುದ್ದಿಯನ್ನು ಬೆಂಗಳೂರಿನ ನೆಂಟರಿಂದ ಕೇಳಿ, “ಇಲ್ಲಿಗೆ ಬಂದರೆ ನೋಡೋಣ” ಎಂದು ಸುಮ್ಮನಾದವರಲ್ಲಿ ಈ ಸಾಲುಗಳನ್ನು ಬರೆಯುತ್ತಿರುವ ನಾವೂ ಒಬ್ಬರು. ಹಣ ಹಾಕಿದವರ ಪಟ್ಟಿಯಲ್ಲಿ ನಾವಿರಲಿಲ್ಲ. ಕನ್ನಡದಲ್ಲಿ ಗಂಭೀರ ಚಿತ್ರಗಳೇ ಬರುತ್ತಿಲ್ಲವೆಂದು ಅದೇ ವರ್ಷ ಊಟದ ಮನೆಗಳಲ್ಲಿ ದೂರಿದವರ ಪಟ್ಟಿಯಲ್ಲಿ ಮಾತ್ರ ಖಂಡಿತ ಇದ್ದೆವು. ಹೊರನಾಡಿನಲ್ಲಿ ಇರುವವರಿಗೆ ಊರಿನ ಕಲೆ ಯಾವಾಗಲೂ ತಡವಾಗಿಯೇ ತಲಪುತ್ತದೆ ಎಂಬುದು ನಿಜ. ಕನ್ನಡ ಚಿತ್ರವೊಂದು ಚೆನ್ನೈಗೆ ಬಂದರೂ ಒಂದೆರಡು ಪರದೆಗಳಲ್ಲಿ ಕೆಲವೇ ಪ್ರದರ್ಶನ, ಗೊತ್ತಾಗುವಷ್ಟರಲ್ಲಿ ತೆಗೆದಿರುತ್ತಾರೆ. ಆದರೆ ಜಪಾನ್ ಬೆಂಗಳೂರಿಗಿಂತ ಎಷ್ಟು ದೂರ! ಅಷ್ಟು ದೂರದ ಚಿತ್ರಕ್ಕೆ ನಮ್ಮ ಮಕ್ಕಳು ದಿನ ಎಣಿಸುತ್ತಿದ್ದಾರೆ. ದೂರ ನಿಜವಾದ ಅಡ್ಡಿಯಾಗಿದ್ದರೆ ಅವರೂ ಕಾಯುತ್ತಿರಲಿಲ್ಲ.

ಅವರು ಕಾಯುವ ರೀತಿಯಿಂದ ನಾವು ಕಲಿಯಬೇಕಾದದ್ದಿದೆ. ನಿರ್ದೇಶಕನ ಹಳೆಯ ಚಿತ್ರಗಳನ್ನೆಲ್ಲ ಅವರು ನೋಡಿರುತ್ತಾರೆ. ಯಾವುದು ಗೆದ್ದಿತು, ಯಾವುದು ಸೋತಿತು, ಸೋತದ್ದು ಏಕೆ ಎಂದು ಮಾತಾಡಿರುತ್ತಾರೆ. ಚಿತ್ರ ಬರುವ ಹೊತ್ತಿಗೆ ಅದನ್ನು ನೋಡುವ ಕಣ್ಣು ಸಿದ್ಧವಾಗಿರುತ್ತದೆ. ಒಳ್ಳೆಯ ಪ್ರೇಕ್ಷಕ ಹುಟ್ಟುವುದು ಚಿತ್ರಮಂದಿರದಲ್ಲಿ ಕುಳಿತ ಮೇಲಲ್ಲ, ಅದಕ್ಕೂ ಬಹಳ ಮೊದಲು. ಅಂಥ ಪ್ರೇಕ್ಷಕರು ನೂರಹತ್ತು ಮಂದಿ ಇದ್ದುದರಿಂದಲೇ ‘ಲೂಸಿಯಾ’ ಸಾಧ್ಯವಾಯಿತು. ಭಾಷೆಯೊಂದರಲ್ಲಿ ಗಟ್ಟಿಯಾದ ಕಲೆ ಬೇಕಾದರೆ ಅದನ್ನು ಮಾಡುವವರಷ್ಟೇ ಸಾಲದು, ಅದು ಬರಲೆಂದು ಕಾಯುವವರೂ ಬೇಕು.

ಹಾಗೆಂದು ಕಾತರವೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ತಾರೆಯ ಕಟೌಟಿಗೆ ಹಾಲೆರೆಯುವವರದೂ ಕಾತರವೇ. ಅವರಿಗೆ ಬೇಕಾದದ್ದು ಮೊದಲೇ ಗೊತ್ತಿರುತ್ತದೆ, ಅದೇ ಸಿಕ್ಕರೆ ತೃಪ್ತಿ. ಒಬ್ಬ ಒಳ್ಳೆಯ ನಿರ್ದೇಶಕನ ಗಂಭೀರ ಚಿತ್ರಕ್ಕೆ ಕಾಯುವವರು ತಮಗೆ ಗೊತ್ತಿಲ್ಲದ್ದು ಸಿಗಲೆಂದು ಕಾಯುತ್ತಾರೆ. ಈ ಎರಡನ್ನೂ ಬೇರೆ ಮಾಡಿ ತಿಳಿದುಕೊಂಡರೆ ನಮ್ಮ ಎಳೆಯರಿಗೂ ಒಳ್ಳೆಯದು. ಜಪಾನಿನದೆಂದ ಮಾತ್ರಕ್ಕೆ ಎಲ್ಲವೂ ಕೋನ್ ಅವರ ಚಿತ್ರವಲ್ಲ, ಕನ್ನಡದ್ದೆಂದ ಮಾತ್ರಕ್ಕೆ ಎಲ್ಲವೂ ಸಪ್ಪೆಯಲ್ಲ.

ಕೊನೆಯಲ್ಲಿ ಒಂದು ಸೂಚನೆ. ಸಂಘದ ಒಂದು ಶನಿವಾರದ ಸಂಜೆ ‘ಲೂಸಿಯಾ’ವನ್ನು ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡೋಣ. ಮರುವಾರ, ಮಕ್ಕಳನ್ನು ಮನೆಯಲ್ಲಿ ಬಿಟ್ಟು ದೊಡ್ಡವರೂ ಹದಿಹರೆಯ ದಾಟಿದವರೂ ‘ಪಾಪ್ರಿಕಾ’ವನ್ನು ನೋಡೋಣ, ಅದರಲ್ಲಿ ಎಳೆಯ ಮಕ್ಕಳಿಗೆ ತಕ್ಕದ್ದಲ್ಲದ ದೃಶ್ಯಗಳಿವೆ. ಮೊದಲನೆಯದನ್ನು ನಾವು ಅವರಿಗೆ ವಿವರಿಸುವುದು, ಎರಡನೆಯದನ್ನು ಅವರು ನಮಗೆ ವಿವರಿಸುವುದು. ವಿವರಣೆ ಕನ್ನಡದಲ್ಲಿರಲಿ ಎಂಬುದಷ್ಟೇ ನಮ್ಮ ಷರತ್ತು. ತಪ್ಪಿದರೂ ಚಿಂತೆಯಿಲ್ಲ, ತಡವರಿಸಿದರೂ ಚಿಂತೆಯಿಲ್ಲ.

ಅಂದು ನಮ್ಮನ್ನು ಪ್ರಶ್ನೆ ಕೇಳಿದ ಹುಡುಗಿ ಇದನ್ನು ಓದುವಳೋ ಇಲ್ಲವೋ ತಿಳಿಯದು. ಕನ್ನಡ ಓದಲು ಅವಳಿಗೆ ಸ್ವಲ್ಪ ಕಷ್ಟವೆಂದು ಅವಳ ತಾಯಿ ಹೇಳಿದ್ದುಂಟು. ಹಾಗಿದ್ದರೆ ಮನೆಯವರು ಯಾರಾದರೂ ಓದಿ ಹೇಳಲಿ: ಇದೆಯಮ್ಮಾ, ಕನ್ನಡದಲ್ಲೂ ಕಾದದ್ದು ಇದೆ. ಮುಂದಿನ ಸಲ ಅಂಥ ಚಿತ್ರ ಬರುವ ಸುದ್ದಿ ಬಂದಾಗ ನಮಗೂ ತಿಳಿಸು. ನಿನ್ನ ಜೊತೆ ನಾವೂ ಕಾಯುತ್ತೇವೆ.